ಗೋಡೆಯ ಚಿತ್ರವೂ ಗಡಿಯ ಗೆರೆಯೂ

ಜೂಜುವಾಡಿಯನ್ನು ದಾಟಿ ಅತ್ತಿಬೆಲೆಯ ಕಡೆಗೆ ಹೋಗುವಾಗ ಅಂಗಡಿಗಳ ನಾಮಫಲಕಗಳಲ್ಲಿ ಲಿಪಿ ಬದಲಾಗುವುದನ್ನು ನಮ್ಮ ಮಕ್ಕಳು ಚಿಕ್ಕಂದಿನಿಂದಲೇ ಕಂಡಿದ್ದಾರೆ. ಈ ಗೆರೆಯನ್ನು ಎಳೆದವರು ಯಾರೆಂದು ಅವರು ಕೇಳಿದರೆ, 1956 ಎಂಬ ಒಂದು ಇಸವಿಯನ್ನು ಹೇಳಿ ನಾವು ಸುಮ್ಮನಾಗುತ್ತೇವೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಅರಿಯಲು ನೆರವಾಗುವ, ಈಚಿನ ವರ್ಷಗಳಲ್ಲಿ ಪ್ರಕಟವಾದ ಎರಡು ವಿದ್ವತ್ಪೂರ್ಣ ಗ್ರಂಥಗಳನ್ನು ಈ ವಾರ ಪರಿಚಯಿಸುತ್ತಿದ್ದೇನೆ. ಎರಡೂ ಮೈಸೂರಿನ ಚಿತ್ರಕಲೆ, ಅರಸೊತ್ತಿಗೆ ಮತ್ತು ರಾಜಕಾರಣಗಳನ್ನು ಕುರಿತವು, ಎರಡೂ ಇಂಗ್ಲಿಷಿನಲ್ಲಿವೆ.

ಮೊದಲು ನಮ್ಮ ನೆಲದ ಸಂಗತಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಡಬೇಕಾಯಿತು. ಆಗ ಕೃಷ್ಣಗಿರಿ, ಧರ್ಮಪುರಿಗಳನ್ನೊಳಗೊಂಡ ಬಾರಾಮಹಲ್ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರಿನ ಸೀಮೆಯೂ ಕಂಪನಿಯ ಕೈಸೇರಿತು. ಒಡೆಯರಿಗೆ ಮರಳಿ ಒಪ್ಪಿಸಿದ ಮೈಸೂರಿನೊಳಗೆ ಈ ಊರುಗಳು ಇರಲಿಲ್ಲ. ಇವು ಮದ್ರಾಸಿನ ಆಡಳಿತಕ್ಕೆ ಸೇರಿ, ಬಹುಕಾಲ ಸೇಲಂ ಜಿಲ್ಲೆಯಲ್ಲಿದ್ದು, 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಬಂದವು. ಎಂದರೆ, ಭಾಷಾವಾರು ಪ್ರಾಂತಗಳ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಯುದ್ಧವೊಂದರ ಲೆಕ್ಕಾಚಾರದಲ್ಲಿ ನಾವು ಈ ಕಡೆಗೆ ಉಳಿದೆವು.

ಆ ಯುದ್ಧಗಳ ಒಂದು ದೊಡ್ಡ ಚಿತ್ರದಿಂದ ನಮ್ಮ ಮೊದಲ ಗ್ರಂಥವನ್ನು ಪ್ರವೇಶಿಸಬಹುದು. ಇತಿಹಾಸಕಾರರಾದ ಜಾನಕಿ ನಾಯರ್ ಅವರ 'ಮೈಸೂರ್ ಮಾಡರ್ನ್' 2011ರಲ್ಲಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರಿನ ಕದನವನ್ನು ಚಿತ್ರಿಸಲಾಗಿದೆ. ಪೊಲ್ಲಿಲೂರು ಇರುವುದು ಕಂಚೀಪುರದ ಬಳಿ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪುವಿನ ಸೇನೆ ಅಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಮುರಿಯಿತು. ಚೌಕಾಕಾರವಾಗಿ ನಿಂತ ಕೆಂಪಂಗಿಯ ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ನಾಲ್ಕೂ ಕಡೆಯಿಂದ ಕವಿಯುವ ಕುದುರೆ ಸವಾರರು: ಇವೆಲ್ಲ ಒಂದೇ ಗೋಡೆಯ ಮೇಲೆ ಒಟ್ಟಿಗೇ ಕಾಣುತ್ತವೆ.

ಯುರೋಪಿನ ಚಿತ್ರಕಾರ ನೋಡುಗನನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ದೂರದ್ದನ್ನು ಚಿಕ್ಕದಾಗಿಯೂ ಹತ್ತಿರದ್ದನ್ನು ದೊಡ್ಡದಾಗಿಯೂ ತೋರಿಸುತ್ತಾನೆ. ಈ ಗೋಡೆಯ ಚಿತ್ರಕಾರರ ರೀತಿ ಬೇರೆ. ನೋಡುಗ ಗೋಡೆಯ ಉದ್ದಕ್ಕೂ ನಡೆದು ಕದನವನ್ನು ಓದಬೇಕು. ಈ ವ್ಯತ್ಯಾಸವನ್ನು ಅರಿಯದೆ, ಚಿತ್ರಿಸಿದವರಿಗೆ ಕೈ ಕುದುರಿರಲಿಲ್ಲ ಎನ್ನುವುದು ತಪ್ಪಾಗುತ್ತದೆ. ಇನ್ನೊಂದು ಸಂಗತಿಯೂ ಇದೆ. ಈಗ ನಾವು ನೋಡುವುದು 1784ರ ಸುಮಾರಿನ ಮೂಲ ಬಣ್ಣವನ್ನಲ್ಲ. ಅಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರವನ್ನು ದುರಸ್ತಿ ಮಾಡಿಸಿದ. 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಅದಕ್ಕೆ ಮತ್ತೆ ಬಣ್ಣ ಬಳಿಯಲಾಯಿತು. ತಮ್ಮ ಸೋಲಿನ ಚಿತ್ರವನ್ನು ಗೆದ್ದವರೇ ಕಾಪಾಡಿದರು. ಗೆದ್ದ ಮೇಲೆ ಆ ಚಿತ್ರ ಬೆದರಿಕೆಯಾಗಿ ಉಳಿಯಲಿಲ್ಲ, ಪ್ರೇಕ್ಷಣೀಯ ವಸ್ತುವಾಯಿತು. ಚಿತ್ರವೊಂದು ಅದೇ ಗೋಡೆಯ ಮೇಲಿದ್ದೂ ಅರ್ಥವನ್ನು ಬದಲಿಸಿಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯದು.

ಎರಡನೆಯ ಗ್ರಂಥ ಕೇಲೆಬ್ ಸಿಮ್ಮನ್ಸ್ ಅವರ 'ಡಿವೋಷನಲ್ ಸಾವರಿನ್‌ಟಿ'; ಆಕ್ಸ್‌ಫರ್ಡ್ ಮುದ್ರಣಾಲಯದಿಂದ 2020ರಲ್ಲಿ ಹೊರಬಂದಿತು. ಟಿಪ್ಪು ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಬ್ಬರು ಎದುರಾಳಿಗಳಂತೆ ಇಡುವುದು ನಮಗೆ ರೂಢಿ. ಸಿಮ್ಮನ್ಸ್ ಅವರು ಇಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ತನ್ನ ಅಧಿಕಾರ ನ್ಯಾಯವಾದುದೆಂದು ತೋರಿಸಿಕೊಳ್ಳಲು ಅರಸನು ದೇವರು, ಮಠ, ವಂಶಾವಳಿಗಳನ್ನು ಹೇಗೆ ನೆಚ್ಚಿಕೊಂಡನು? ಟಿಪ್ಪು ಶೃಂಗೇರಿ ಮಠದೊಡನೆ ನಡೆಸಿದ ಪತ್ರವ್ಯವಹಾರವನ್ನು ಇಲ್ಲಿ ನೆನೆಯಬೇಕು. 1791ರಲ್ಲಿ ಮರಾಠರ ದಾಳಿಯಿಂದ ನೊಂದ ಮಠಕ್ಕೆ ಆತ ನೆರವು ನೀಡಿದ್ದನ್ನು ತಿಳಿಸುವ ಆ ಪತ್ರಗಳು ಕನ್ನಡದಲ್ಲಿವೆ. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರು ಅವನ್ನು ಬೆಳಕಿಗೆ ತಂದರು. ಮುಮ್ಮಡಿಯವರ ಕಥೆಯೋ ಬೇರೆ ಬಗೆಯದು. 1831ರಲ್ಲಿ ಆಡಳಿತ ಕೈತಪ್ಪಿದ ಮೇಲೆ ಅವರ ಆಸ್ಥಾನ ವಂಶದ ಇತಿಹಾಸವನ್ನು ಬರಹದಲ್ಲಿಯೂ ಚಿತ್ರದಲ್ಲಿಯೂ ತುಂಬಿತು. ಸೈನ್ಯವಿಲ್ಲದ ಅರಸನಿಗೆ ಕಲೆಯೇ ರಾಜ್ಯವಾಯಿತೆಂದರೆ ತಪ್ಪಾಗದು.

ಮತ್ತೆ 1956ಕ್ಕೆ ಬರೋಣ. ನಾಯರ್ ಅವರ ಗ್ರಂಥದ ಕೊನೆಯ ಭಾಗ ಕರ್ನಾಟಕದ ಏಕೀಕರಣವನ್ನು ಕುರಿತದ್ದು. ಗಡಿಯವರಾದ ನಾವು ಅಗತ್ಯವಾಗಿ ಓದಬೇಕಾದದ್ದು. ಕನ್ನಡಿಗರೆಲ್ಲ ಒಂದಾಗಲು ಒಕ್ಕೊರಲಿನಿಂದ ಬಯಸಿದ್ದರು, ನಾವು ಮಾತ್ರ ಹೊರಗುಳಿದೆವು ಎಂದು ನಾವು ಹೇಳಿಕೊಳ್ಳುವುದುಂಟು. ವಾಸ್ತವದಲ್ಲಿ ಹಳೆಯ ಮೈಸೂರಿನೊಳಗೇ ಏಕೀಕರಣಕ್ಕೆ ಬಲವಾದ ವಿರೋಧವಿತ್ತು. ಹಿಂದುಳಿದ ಸೀಮೆಗಳನ್ನು ಸೇರಿಸಿಕೊಂಡರೆ ಮೈಸೂರಿನ ಸಂಪತ್ತು ಹಂಚಿಹೋದೀತೆಂಬ ಅಳುಕು, ಸಮುದಾಯಗಳ ಬಲಾಬಲ ಬದಲಾದೀತೆಂಬ ಭಯ ಆ ಚರ್ಚೆಗಳಲ್ಲಿ ಎದ್ದು ಕಾಣುತ್ತಿದ್ದವು. ಭಾಷೆಯೊಂದೇ ಗಡಿಯನ್ನು ನಿರ್ಣಯಿಸಲಿಲ್ಲ. ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಸೇರಿತು, ಹೊಸೂರು ಇದ್ದಲ್ಲಿಯೇ ಉಳಿಯಿತು. ಇದನ್ನು ತಿಳಿದ ಮಗು ಯಾರ ಮೇಲೂ ಹಗೆ ಸಾಧಿಸದೆ ತನ್ನ ಊರಿನ ಸ್ಥಿತಿಯನ್ನು ಅರ್ಥಮಾಡಿಕೊಳ್ಳಬಲ್ಲದು.

ಈ ಗ್ರಂಥಗಳಿಗೆ ಒಂದು ಮಿತಿಯೂ ಇದೆ. ಎರಡೂ ಮೈಸೂರಿನಿಂದ ಹೊರಟು ನೋಡುತ್ತವೆ; ಬಾರಾಮಹಲ್ ಅವುಗಳ ಅಂಚಿನಲ್ಲಿದೆ. ಇಲ್ಲಿನ ಒಕ್ಕಲಿಗ, ನೇಕಾರ, ಕುರುಬ ಅಂದು ಹೇಗೆ ಬದುಕಿದರೆಂಬುದು ಅವುಗಳ ವಿಷಯವಲ್ಲ. ಅದಕ್ಕೆ ಬೇಕಾದ ಸಾಮಗ್ರಿ ಬೇರೆ ಕಡೆ ಇದೆ. 1792ರಿಂದ ಈ ಸೀಮೆಯನ್ನು ಆಳಿದ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ಇಲ್ಲಿಯೇ ಅಡಿಪಾಯ ಹಾಕಿದರು. ನಿವಾಸಿಗಳು, ಬೆಳೆಗಳು, ಭೂಮಿಯ ಹಕ್ಕು, ಸುಂಕ ಇವುಗಳನ್ನು ಕುರಿತ ಅವರ ಕಾಲದ ಕಡತಗಳನ್ನು 'ಬಾರಾಮಹಲ್ ರೆಕಾರ್ಡ್ಸ್' ಎಂಬ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದ್ರಾಸು ಸರ್ಕಾರ ಮುದ್ರಿಸಿತು. ನಮ್ಮ ಹೊಲಗಳ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳೂ ಶಾಸನಗಳೂ ಇನ್ನೂ ಹಿಂದಿನ ಕಾಲವನ್ನು ಹೇಳುತ್ತವೆ. ಅವುಗಳಲ್ಲಿ ಕನ್ನಡವೂ ಇದೆ, ತಮಿಳೂ ಇದೆ.

ಕನ್ನಡ ಮಾಧ್ಯಮಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2006ರ ತಮಿಳು ಕಲಿಕೆಯ ಕಾನೂನಿನ ನಂತರ ನಮ್ಮ ಮಕ್ಕಳ ಮೇಲೆ ಮೂರು ಭಾಷೆಗಳ ಹೊರೆ ಬಿದ್ದಿದೆ ಎಂದು ನಾವು ಕೊರಗುತ್ತೇವೆ. ಪರೀಕ್ಷೆಯ ದೃಷ್ಟಿಯಿಂದ ಆ ಕೊರಗು ನಿಜ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಈ ಸೀಮೆಯ ಇತಿಹಾಸವನ್ನು ಬರೆಯಲು ಬೇಕಾಗುವುದು ಅವೇ ಮೂರು ಭಾಷೆಗಳು. ಮೈಸೂರಿನಲ್ಲಿ ಓದಿದವನಿಗೆ ತಮಿಳು ಶಾಸನ ತೊಡಕು, ಚೆನ್ನೈಯಲ್ಲಿ ಓದಿದವನಿಗೆ ಕನ್ನಡದ ಪತ್ರ ತೊಡಕು. ಹೊಸೂರಿನ ವಿದ್ಯಾರ್ಥಿಗೆ ಎರಡೂ ಕಣ್ಣಿಗೆ ಪರಿಚಿತ. ಕನ್ನಡವನ್ನು ನಡುವೆ ಬಿಡಿಸಿದರೆ ಆ ಮಗು ಕಳೆದುಕೊಳ್ಳುವುದು ಮನೆಮಾತಿನ ಓದನ್ನು ಮಾತ್ರವಲ್ಲ, ಇತರರಿಗೆ ದುರ್ಲಭವಾದ ಒಂದು ಅರ್ಹತೆಯನ್ನು.

ಇವತ್ತು ಮಾಡಬಹುದಾದದ್ದು ದೊಡ್ಡದೇನಲ್ಲ. ನಮ್ಮ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ವೇಲು ನಾಚ್ಚಿಯಾರ್ ಅವರ ಪಾಠವಿದೆ. ಆ ರಾಣಿ ಹೈದರಾಲಿಯ ನೆರವು ಪಡೆದ ಸಂಗತಿಯೂ ಅಲ್ಲಿ ಬರುತ್ತದೆ. ಪೊಲ್ಲಿಲೂರಿನ ಕಥೆಯನ್ನು ಅಲ್ಲಿಂದಲೇ ಆರಂಭಿಸಬಹುದು. ಇಂಗ್ಲಿಷ್ ಬಲ್ಲ ಅಧ್ಯಾಪಕರು ತಿಂಗಳಿಗೆ ಒಂದು ಅಧ್ಯಾಯದ ಸಾರವನ್ನು ಕನ್ನಡದಲ್ಲಿ ಹೇಳಿದರೆ ಸಾಕು. ಮುಂದಿನ ಶಾಲಾ ಪ್ರವಾಸ ಶ್ರೀರಂಗಪಟ್ಟಣಕ್ಕಾದರೆ, ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ಮಕ್ಕಳನ್ನು ಅರ್ಧ ಗಂಟೆ ನಿಲ್ಲಿಸಿ, ಇದನ್ನು ಯಾರು, ಯಾರಿಗಾಗಿ ಬರೆಸಿದರು, ಆಮೇಲೆ ಯಾರು ತಿದ್ದಿದರು ಎಂದು ಕೇಳಿರಿ. ಹಿಂದಿರುಗುವಾಗ ಜೂಜುವಾಡಿ ಬಂದೊಡನೆ ಅದೇ ಮೂರು ಪ್ರಶ್ನೆಗಳನ್ನು ಗಡಿಯ ಬಗೆಗೂ ಕೇಳಬಹುದು.