‘ನಾವು’ ಎಂದರೆ ಯಾರು?

ಬಟ್ಟಲಿನಲ್ಲಿರುವ ಸ್ವಲ್ಪ ಬಿಸಿನೀರಿನಲ್ಲಿ ತಣ್ಣಗಿರುವ ಉಷ್ಣಮಾಪಕವನ್ನು ಅದ್ದಿದರೆ, ಆ ಉಪಕರಣವೇ ನೀರಿನ ಶಾಖವನ್ನು ಅಷ್ಟಿಷ್ಟು ಹೀರಿಕೊಳ್ಳುತ್ತದೆ. ನಮಗೆ ಗೊತ್ತಾಗುವುದು ಮೊದಲಿದ್ದ ಉಷ್ಣತೆಯಲ್ಲ. ಅಳತೆಯಿಂದ ಮಾರ್ಪಟ್ಟ ಉಷ್ಣತೆ. ಒಂದು ನಾಡು ಸ್ವತಂತ್ರವಾಗಬೇಕೇ ಎಂದು ಜನರನ್ನು ಕೇಳುವಾಗಲೂ ಹೀಗೆಯೇ. ಕೇಳುವ ಮಾತು ಜನರನ್ನು ಇದ್ದಂತೆಯೇ ಇರಗೊಡುವುದಿಲ್ಲ.

ಸ್ಕಾಟ್ಲೆಂಡಿನ ಜನಮತಗಣನೆಗಾಗಿ ಅಲ್ಲಿನ ಸರ್ಕಾರವು ಮೊದಲು ಸೂಚಿಸಿದ ಪ್ರಶ್ನೆ, ಆ ನಾಡು ಸ್ವತಂತ್ರ ದೇಶವಾಗಬೇಕೆಂಬುದನ್ನು ‘ಒಪ್ಪುವಿರಾ?’ ಎಂದಿತ್ತು. ಚುನಾವಣಾ ಆಯೋಗವು ಅದನ್ನು ಪರೀಕ್ಷಿಸಿ, ‘ಒಪ್ಪುವಿರಾ’ ಎಂಬ ಮಾತು ಉತ್ತರವನ್ನು ‘ಹೌದು’ ಎಂಬ ಕಡೆಗೆ ಸೆಳೆಯಬಹುದೆಂದು 2013ರಲ್ಲಿ ತಿಳಿಸಿತು. ಆ ಪದವನ್ನು ಕೈಬಿಟ್ಟ ಪ್ರಶ್ನೆಯೇ 2014ರ ಸೆಪ್ಟೆಂಬರ್ 18ರಂದು ಜನರ ಮುಂದೆ ಬಂದಿತು. ಶೇಕಡಾ 55.3 ಮಂದಿ ‘ಬೇಡ’ ಎಂದರು.

ಪ್ರಶ್ನೆಯನ್ನು ತಿದ್ದುವುದು ಸುಲಭ; ಹೆಸರನ್ನು ತಿದ್ದುವುದು ಕಠಿಣ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ‘ಫ್ರೆಂಚ್ ಕೆನಡಿಯನರು’ ಎಂದು ಕರೆದುಕೊಳ್ಳುತ್ತಿದ್ದವರಲ್ಲಿ ಬಹುಮಂದಿ 1960ರ ದಶಕದಲ್ಲಿ ‘ಕೆಬೆಕ್ವಾ’ ಎಂದು ಕರೆದುಕೊಳ್ಳತೊಡಗಿದರು. ಮೊದಲನೆಯದು ನುಡಿಯನ್ನೂ ವಂಶವನ್ನೂ ಸೂಚಿಸುವ ಹೆಸರು. ಎರಡನೆಯದು ನೆಲವನ್ನು ಸೂಚಿಸುವುದು. ಒಂಟಾರಿಯೋದಲ್ಲಿದ್ದ ಫ್ರೆಂಚ್ ನುಡಿಯವರು ಹೊಸ ಹೆಸರಿನಿಂದ ಹೊರಗುಳಿದರು. ಹಾಗಾದರೆ ಕ್ವಿಬೆಕ್ಕಿಗೆ ಬಂದು ನೆಲೆಸಿದ ವಲಸೆಗಾರರು ಒಳಗೆ ಬಂದರೇ? 1995ರಲ್ಲಿ ಸ್ವಾತಂತ್ರ್ಯಪಕ್ಷವು ಶೇಕಡಾ 49.42 ಮತಗಳನ್ನು ಪಡೆದು ಸೋತ ರಾತ್ರಿ, ಪ್ರಾಂತದ ಮುಖ್ಯಸ್ಥರಾಗಿದ್ದ ಜಾಕ್ ಪಾರಿಜೋ ಅವರು ಸೋಲಿಗೆ ಹಣವೂ ಜನಾಂಗೀಯ ಮತಗಳೂ ಕಾರಣವೆಂದರು. ಮರುದಿನವೇ ರಾಜೀನಾಮೆಯನ್ನು ಪ್ರಕಟಿಸಿದರು. ನೆಲದ ಹೆಸರಿನೊಳಗೆ ವಂಶದ ಅರ್ಥವು ಇನ್ನೂ ಅಡಗಿದ್ದಿತೆಂಬುದು ಆ ಒಂದು ಮಾತಿನಿಂದ ಬಯಲಾಯಿತು.

ತೆಲುಗಿನಲ್ಲಿ ಕೇಳುವವನನ್ನೂ ಸೇರಿಸಿಕೊಂಡರೆ ‘ಮನಂ’, ಅವನನ್ನು ಬಿಟ್ಟರೆ ‘ಮೇಮು’. ತಮಿಳಿನಲ್ಲಿಯೂ ಇಂತಹ ಭೇದವುಂಟು. ಇಂದಿನ ಕನ್ನಡದ ‘ನಾವು’ ಎಂಬುದರಲ್ಲಿ ಅದಿಲ್ಲ; ಇಂಗ್ಲಿಷ್, ಫ್ರೆಂಚುಗಳಲ್ಲಿಯೂ ಇಲ್ಲ. ಆದುದರಿಂದಲೇ ಭಾಷಣಕಾರನು ಎಲ್ಲರನ್ನೂ ಕೂಡಿಸಿಕೊಂಡಂತೆ ಮಾತನಾಡುತ್ತಲೇ ಕೆಲವರನ್ನು ಹೊರಗಿಡಬಲ್ಲನು. ಒಂದೇ ಗುಂಪನ್ನು ಬೆಂಬಲಿಗರು ‘ಸಾರ್ವಭೌಮತ್ವವಾದಿಗಳು’ ಎಂದರೆ, ವಿರೋಧಿಗಳು ‘ಪ್ರತ್ಯೇಕತಾವಾದಿಗಳು’ ಎನ್ನುವರು. ಎರಡು ಪಕ್ಷಗಳೂ ಉಷ್ಣಮಾಪಕವನ್ನು ಹಿಡಿದೇ ನಿಂತಿರುತ್ತವೆ.

‘ನಾವು’ ಎಂಬ ಮಾತನ್ನೇ ತೊರೆಯಬೇಕೆಂದು ಹೇಳುತ್ತಿಲ್ಲ. ಅದಿಲ್ಲದೆ ಪರಾಧೀನವಾದ ಯಾವ ಜನತೆಯೂ ಒಂದಾಗಿ ಎದ್ದು ನಿಂತದ್ದಿಲ್ಲ. ಆದರೆ ಪ್ರಯೋಗಶಾಲೆಯಲ್ಲಿ ಉಪಕರಣದ ದೋಷವನ್ನು ಲೆಕ್ಕಕ್ಕೆ ಹಿಡಿಯುವ ವಿದ್ಯಾರ್ಥಿಯು ಸಭೆಯಲ್ಲಿಯೂ ಆ ಅಭ್ಯಾಸವನ್ನು ಬಿಡಬಾರದು. ‘ನಾವು’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಕೇಳಲಿ: ಇದು ಮನಮೋ, ಮೇಮೋ?