ಮೊಲಕ್ಕೂ ಮಾತುಂಟು

ಮೊಲ ಮೂಕಪ್ರಾಣಿ ಎಂದುಕೊಂಡಿದ್ದೀರಾ? ಕೂಕಟ್‌ಪಲ್ಲಿಯ ನಮ್ಮ ಮನೆಗೆ ಮೊಮ್ಮಗಳು ಮೊಲ ತಂದಾಗ ನಾನೂ ಹಾಗೆಯೇ ತಿಳಿದಿದ್ದೆ. ತಲೆ ಸವರಿದಾಗ ಮೆಲ್ಲಗೆ ಹಲ್ಲು ಕಟಕಟಿಸಿದರೆ ಅದು ಸಂತೋಷ. ಗಾಳಿಯಲ್ಲಿ ಮೈ ತಿರುಚಿ ನೆಗೆದರೆ ಉತ್ಸಾಹ. ಹಿಂಗಾಲನ್ನು ನೆಲಕ್ಕೆ ಬಡಿದರೆ ಅಪಾಯದ ಎಚ್ಚರಿಕೆ. ನೋವನ್ನು ಮಾತ್ರ ಅದು ಆದಷ್ಟೂ ಅಡಗಿಸುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮೊಲ ಮೂಲೆಯಲ್ಲಿ ಮುದುರಿ ಕುಳಿತು ಗಟ್ಟಿಯಾಗಿ ಹಲ್ಲು ಕಡಿಯುತ್ತಿತ್ತು. ಖುಷಿಯಲ್ಲಿದೆ ಎಂದುಕೊಂಡು ನಾನು ಅಡಿಗೆ ಕೆಲಸಕ್ಕೆ ಹೋದೆ. ಸಂಜೆಯಾದರೂ ಹುಲ್ಲು ಮುಟ್ಟಲಿಲ್ಲ, ಹಿಕ್ಕೆ ಹಾಕಲಿಲ್ಲ. "ಕರುಳಿನ ಚಲನೆಯೇ ನಿಂತಿದೆ, ಬೆಳಗಿನ ತನಕ ಕಾದಿದ್ದರೆ ಉಳಿಯುತ್ತಿರಲಿಲ್ಲ ಅಮ್ಮಾ" ಎಂದರು ಪಶುವೈದ್ಯರು. ಹೇಗೋ ಬದುಕಿತು.

ಮೊಲ 12 ಗಂಟೆ ಏನೂ ತಿನ್ನದಿದ್ದರೆ ದಯವಿಟ್ಟು ಕಾಯಬೇಡಿ. ನಮ್ಮ ಮನೆಗಳಲ್ಲೂ ಅಷ್ಟೆ, ಸುಮ್ಮನೆ ಮೂಲೆ ಸೇರಿದವರನ್ನು ಒಮ್ಮೆ ವಿಚಾರಿಸಿ.