ಶಿರವಾಳದಲ್ಲಿ ಒಂದಿರುಳು ತಂಗಬೇಕು

ನಾಡನ್ನು ನೋಡಲು ಹೊರಡುವ ಪಟ್ಟಣಿಗರಲ್ಲಿ ಒಂದು ವಿಚಿತ್ರವಾದ ಅವಸರ ಮನೆಮಾಡಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಊರನ್ನು ಹೊಗಬೇಕು, ಹನ್ನೆರಡಕ್ಕೆ ಗುಡಿಯನ್ನು ಮುಗಿಸಬೇಕು, ಊಟವಾದ ಮೇಲೆ ಕೋಟೆಯನ್ನು ಹತ್ತಿ ಇಳಿಯಬೇಕು, ದೀಪ ಹಚ್ಚುವ ಹೊತ್ತಿಗೆ ಮತ್ತೊಂದು ಊರಿನ ವಸತಿಗೃಹವನ್ನು ಸೇರಿಬಿಡಬೇಕು. ಹೀಗೆ ಎಂಟು ದಿನಗಳಲ್ಲಿ ಹದಿನಾರು ಊರುಗಳನ್ನು ಕಂಡು ಬಂದ ಸಂಸಾರಕ್ಕೆ ಕೊನೆಗೆ ಉಳಿಯುವುದು ನಾಲ್ಕುನೂರು ಭಾವಚಿತ್ರಗಳು. ಅವುಗಳಲ್ಲಿ ಯಾವ ಗುಡಿ ಯಾವ ಊರಿನದೆಂಬ ವಿಷಯದಲ್ಲಿ ಯಜಮಾನರಿಗೂ ಮನೆಯಾಕೆಗೂ ಒಮ್ಮತವಿರುವುದಿಲ್ಲ.

ಇಂಥ ಪ್ರವಾಸಿಗಳ ಪಟ್ಟಿಯಲ್ಲಿ ಶಿರವಾಳದ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಬಾದಾಮಿ, ಹಂಪೆ, ವಿಜಯಪುರಗಳನ್ನು ನೋಡಿದವರು ಯಾದಗಿರಿಯನ್ನು ರೈಲಿನ ಕಿಟಕಿಯಿಂದ ಕಂಡು ಮುಂದೆ ಸಾಗುತ್ತಾರೆ. ಆ ನಿಲ್ದಾಣದಲ್ಲಿ ಇಳಿದು, ಬಸ್ಸು ಹಿಡಿದು ಶಹಾಪುರಕ್ಕೆ ಬಂದರೆ, ಬುದ್ಧನೇ ಅಂಗಾತ ಮಲಗಿದಂತೆ ತೋರುವ ಬೆಟ್ಟದ ಸಾಲು ಎದುರಾಗುತ್ತದೆ. ಅದೇ ತಾಲ್ಲೂಕಿನ ಹಳ್ಳಿ ಶಿರವಾಳ. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇದು ಕಲಬುರಗಿ ಜಿಲ್ಲೆಗೆ ಸೇರಿತ್ತು. 1956ಕ್ಕೆ ಮೊದಲು ಹೈದರಾಬಾದು ಸಂಸ್ಥಾನಕ್ಕೆ.

ಶಿರವಾಳದಲ್ಲಿ ಗುಡಿಗಳನ್ನು ಹುಡುಕಿಕೊಂಡು ಹೋಗಬೇಕಾದ ಶ್ರಮವಿಲ್ಲ. ರಾಷ್ಟ್ರಕೂಟರ ಮತ್ತು ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲುಕೆಲಸ ಇಲ್ಲಿ ಊರಿನ ನಿತ್ಯಜೀವನದೊಡನೆ ಬೆರೆತುಹೋಗಿದೆ. ಇಂಥ ಹಳೆಯ ಗುಡಿಯೊಂದರ ನವರಂಗವನ್ನು ಹೊಕ್ಕ ಪಟ್ಟಣದ ಅತಿಥಿ ಕಂಬದ ನುಣುಪನ್ನು ಮುಟ್ಟಿ ನೋಡುತ್ತಾನೆ, ತಲೆಯೆತ್ತಿ ಮೇಲ್ಛಾವಣಿಯ ಕಮಲವನ್ನು ನೋಡುತ್ತಾನೆ. ಆದರೆ ತಾನು ನಿಂತಿರುವ ನೆಲವನ್ನು ನೋಡುವುದಿಲ್ಲ. ನಾಲ್ಕು ಕಂಬಗಳ ನಡುವಣ ಆ ಜಾಗಕ್ಕೆ ರಂಗವೆಂದು ಹೆಸರು ಬಂದದ್ದು ಸುಮ್ಮನೆ ಅಲ್ಲ.

ಆ ಕಾಲದ ಕನ್ನಡ ಶಾಸನಗಳಲ್ಲಿ ದತ್ತಿಯ ಮಾತು ಬಂದಾಗಲೆಲ್ಲ ಜೋಡಿಪದವೊಂದು ಕಾಣಸಿಗುತ್ತದೆ: ಅಂಗಭೋಗ, ರಂಗಭೋಗ. ದೇವರ ಮೈಗೆ ಬೇಕಾದ ಗಂಧ, ಧೂಪ, ದೀಪ, ಉಡುಗೆಗಳು ಅಂಗಭೋಗ. ದೇವರ ಮುಂದೆ ನಡೆಯಬೇಕಾದ ಗೀತ, ವಾದ್ಯ, ನೃತ್ಯಗಳು ರಂಗಭೋಗ. ಇವೆರಡಕ್ಕೂ ಇಷ್ಟು ಮತ್ತರು ಭೂಮಿ ಎಂದು ಅಳೆದು ಬಿಡುತ್ತಿದ್ದರು. ಕುಣಿಯುವ ಪಾತ್ರದವರಿಗೆ, ಕುಣಿಸುವ ನಟ್ಟುವನಿಗೆ, ಮದ್ದಳೆಯವನಿಗೆ, ಕೊಳಲಿನವನಿಗೆ ಆ ಭೂಮಿಯ ಬೆಳೆಯಿಂದ ಪಾಲು ಸಲ್ಲುತ್ತಿತ್ತು. ಹಾಡು ಕುಣಿತಗಳು ಅನ್ನದಷ್ಟೇ ಅಗತ್ಯವೆಂದು ಎಣಿಸಿದ ಜನ ಅವರು. ದೇವರಿಗೇ ಬೇಸರವಾಗಬಾರದೆಂದು ಎಚ್ಚರ ವಹಿಸಿದವರು ಮನುಷ್ಯರ ಬೇಸರವನ್ನು ಅರಿಯದೆ ಇದ್ದಾರೆಯೆ? ದೇವರ ಹೆಸರಿನಲ್ಲಿ ನಡೆದ ಆ ವಿನೋದವನ್ನು ಊರೆಲ್ಲ ಕಂಡಿತು.

ಅರಸುಮನೆತನಗಳು ಅಳಿದುವು, ಮಾನ್ಯದ ಭೂಮಿಗಳು ಕೈಬದಲಾದುವು. ಕಂಬಗಳು ನಿಂತುವು, ರಂಗ ಬರಿದಾಯಿತು.

ನೆರೆಯ ಸುರಪುರದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿಯ ನಾಯಕ ಅರಸರ ಆಶ್ರಯದಲ್ಲಿ ಚಿತ್ರಕಾರರ ಮನೆತನಗಳು ಬಾಳಿದುವು. ದೇವತೆಗಳ, ಅರಸರ, ಓಲಗದ ಕಿರುಚಿತ್ರಗಳು ಚಿನ್ನದ ಬಣ್ಣದಲ್ಲಿ ಹೊಳೆದುವು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪನಾಯಕ ಮಡಿದ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಆ ಅರಸನ ಬಾಲ್ಯದಲ್ಲಿ ಅಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಬೆಟ್ಟದ ಮೇಲೆ ಉಳಿಯಿತು. ಚಿತ್ರಕಾರನ ಕುಂಚಕ್ಕೆ ಮಾತ್ರ ಒಡೆಯನಿಲ್ಲದಂತಾಯಿತು. ಅರಸನನ್ನೇ ನಂಬಿದ ಕಲೆ ಅರಸನೊಡನೆ ಬಡವಾಗುವುದು ಲೋಕದ ನಿಯಮ.

ಹಾಗಾದರೆ ಈ ಸೀಮೆಯ ರಂಗಭೋಗ ಮುಗಿದೇ ಹೋಯಿತೆ? ಮುಗಿಯಲಿಲ್ಲ. ಅದು ಕಲ್ಲಿನ ರಂಗದಿಂದ ಇಳಿದು ಬಯಲಿಗೆ ಬಂದಿತು. ಅದನ್ನು ಕಾಣಬೇಕಾದರೆ ಹಗಲು ಸಾಲದು, ಇರುಳು ನಿಲ್ಲಬೇಕು.

ದೊಡ್ಡಾಟವನ್ನೇ ನೋಡಿ. ಸುಗ್ಗಿ ಮುಗಿದ ಮೇಲೆ, ಇಲ್ಲವೆ ಜಾತ್ರೆಯ ಹೊತ್ತಿಗೆ, ಊರ ಬಯಲಿನಲ್ಲಿ ಅಟ್ಟ ಕಟ್ಟುತ್ತಾರೆ. ಅದಕ್ಕೆ ಮೊದಲೇ ಎರಡು ಮೂರು ತಿಂಗಳು, ಹೊಲದ ಕೆಲಸ ಮುಗಿಸಿಕೊಂಡು ಬಂದ ರೈತರು, ಕಂಬಾರರು, ಬಡಿಗೇರರು ಕಂದೀಲಿನ ಬೆಳಕಿನಲ್ಲಿ, ಈಗ ವಿದ್ಯುದ್ದೀಪದಲ್ಲಿ, ಮಾಸ್ತರನ ಮುಂದೆ ಹೆಜ್ಜೆ ಕಲಿತಿರುತ್ತಾರೆ. ಗಣಪತಿಯ ಪೂಜೆಯಿಂದ ಆಟ ಮೊದಲು. ಭುಜಕೀರ್ತಿ, ಎದೆಹಾರ, ಕಿರೀಟಗಳನ್ನು ಹೊತ್ತ ವೀರನೊಬ್ಬ ಅಟ್ಟ ನಡುಗುವಂತೆ ಕುಣಿದು ಬಂದು ನಿಲ್ಲುತ್ತಾನೆ. ಸಾರಥಿ ಅವನನ್ನು ತಡೆದು, ನೀನಾರು, ಯಾವ ದೇಶದವನು, ಬಂದ ಕಾರಣವೇನೆಂದು ವಿಚಾರಿಸುತ್ತಾನೆ. ಹಗಲೆಲ್ಲ ಎತ್ತಿನ ಬಾಲ ತಿರುವಿದ ಒಕ್ಕಲಿಗ ತಾನು ಹಸ್ತಿನಾವತಿಯ ದೊರೆಯೆಂದು ಗರ್ಜಿಸಿದಾಗ ಯಾರೂ ನಗುವುದಿಲ್ಲ. ಆ ಇರುಳು ಅವನು ದೊರೆಯೇ. ಮದ್ದಳೆ, ತಾಳ, ಹಾರ್ಮೋನಿಯಮ್ಮುಗಳ ನಡುವೆ ಕಾಣಿಕೆ ಕೊಟ್ಟವರ ಹೆಸರನ್ನು ಕೂಗುತ್ತಾರೆ. ಬೆಳಗು ಹರಿಯುವಾಗ ಮಂಗಳ ಹಾಡಿ, ದೊರೆ ಬಣ್ಣ ತೊಳೆದುಕೊಂಡು ಹೊಲಕ್ಕೆ ಹೋಗುತ್ತಾನೆ.

ಇನ್ನು ಮೊಹರಂ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಬಾಯಾರಿ ಮಡಿದ ಹುಸೇನನ ಶೋಕ ಇಲ್ಲಿಯ ಹಳ್ಳಿಗರ ಬಾಯಲ್ಲಿ ಕನ್ನಡದ ರಿವಾಯತ ಪದವಾಗಿದೆ. ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆಮೇಳದ ಹುಡುಗರು ಗೆಜ್ಜೆ ಕಟ್ಟಿ, ಒಂದೇ ಲಯಕ್ಕೆ ಬಾಗಿ ಏಳುತ್ತಾರೆ. ಉತ್ತರ ಕರ್ನಾಟಕದಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿ ಕೂಡ ಪೀರಲ ದೇವರು ಕೂಡುವುದುಂಟು. ಹರಕೆ ಹೊತ್ತು ಫಕೀರರಾಗುವವರಲ್ಲಿ ಹಿಂದೂಗಳೇ ಹೆಚ್ಚಾಗಿರುವುದುಂಟು. ಚಾಂದ್ರಮಾನದ ಹಬ್ಬವಾದುದರಿಂದ ಇದು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೊರಡುವ ಮುನ್ನ ಪಂಚಾಂಗವನ್ನು ನೋಡಿಕೊಳ್ಳುವುದು ಲೇಸು.

ಇಂಥ ಇರುಳುಗಳಿಗೆ ಕೊರತೆಯಿಲ್ಲದ ಸೀಮೆಯಿದು. ಶ್ರಾವಣದಲ್ಲಿ ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆ, ಅಲ್ಲಿ ಜಾರುವ ಕಂಬವನ್ನು ಹತ್ತುವ ತರುಣರ ಸಾಹಸ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರ. ಯಾವುದೋ ಕಟ್ಟೆಯ ಮೇಲೆ ಏಕತಾರಿ ಹಿಡಿದು ಕುಳಿತವರ ಬಾಯಲ್ಲಿ ಕಡಕೋಳದ ಮಡಿವಾಳಪ್ಪನವರ ತತ್ತ್ವಪದ. ಇವುಗಳಿಗೆ ಚೀಟಿಯಿಲ್ಲ, ಕುರ್ಚಿಯಿಲ್ಲ. ಹಸಿದವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಟು.

ಆದರೆ ಇಲ್ಲಿಯೂ ಒಂದು ಕಂಟಕ ಒದಗಿದೆ. ಅರಸನನ್ನು ನಂಬದೆ ಊರನ್ನು ನಂಬಿ ಉಳಿದ ಕಲೆಗೆ ಊರೇ ಬರಿದಾದರೆ ಗತಿಯೇನು? ಕೃಷ್ಣೆಯ ಕಾಲುವೆ ಹರಿದ ಹೊಲಗಳಲ್ಲಿ ಭತ್ತ ತೂಗುತ್ತಿದ್ದರೂ, ನೀರು ಕಾಣದ ಹೊಲದವರು, ಹೊಲವೇ ಇಲ್ಲದವರು ಸಂಸಾರಸಮೇತ ಗುಳೆ ಹೊರಡುತ್ತಾರೆ: ಬೆಂಗಳೂರಿಗೆ, ಹೈದರಾಬಾದಿಗೆ, ಮುಂಬಯಿಗೆ. ತಾಲೀಮಿಗೆ ಎರಡು ತಿಂಗಳು ಊರಿನಲ್ಲಿ ನಿಲ್ಲಬಲ್ಲ ತರುಣರು ಸಿಗದಿದ್ದರೆ ಆಟ ಮುಂದಿನ ವರ್ಷಕ್ಕೆ ಹೋಗುತ್ತದೆ. ಮುಂದಿನ ವರ್ಷ ಮಾಸ್ತರನಿಗೆ ಇನ್ನೊಂದು ವರ್ಷ ವಯಸ್ಸಾಗಿರುತ್ತದೆ.

ಇದಕ್ಕೆ ಪಟ್ಟಣ ಕಂಡುಹಿಡಿದ ಮದ್ದೆಂದರೆ ಉತ್ಸವದ ವೇದಿಕೆ. ಅಲ್ಲಿ ದೊಡ್ಡಾಟಕ್ಕೆ ಹತ್ತು ನಿಮಿಷ. ವೀರ ಬಂದು ಕುಣಿದು ಹೆಸರು ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಕಲಾವಿದನಿಗೆ ಒಂದಿಷ್ಟು ಸಂಭಾವನೆ, ಒಂದು ಶಾಲು ದೊರೆಯುತ್ತದೆ; ಅದನ್ನು ಹಳಿಯಬೇಕಾಗಿಲ್ಲ, ಅವನಿಗೂ ಹೊಟ್ಟೆಯಿದೆ. ಆದರೆ ರಾತ್ರಿಯಿಡೀ ಬೆಳೆಯುವ ಕಥೆಯನ್ನು ಹತ್ತು ನಿಮಿಷಕ್ಕೆ ಕತ್ತರಿಸುತ್ತ ಹೋದರೆ, ಹತ್ತು ನಿಮಿಷದಷ್ಟನ್ನೇ ಕಲಿತವರ ಪೀಳಿಗೆಯೊಂದು ಹುಟ್ಟುವುದು ನಿಶ್ಚಯ.

ಆದ್ದರಿಂದ ಪ್ರವಾಸಿಯ ಕರ್ತವ್ಯ ದೊಡ್ಡದೇನೂ ಅಲ್ಲ. ಅವನು ಕುಣಿಸಬೇಕಾಗಿಲ್ಲ, ಕುಣಿತವಿರುವ ದಿನ ಬಂದರೆ ಸಾಕು. ಜಾತ್ರೆ, ಹಬ್ಬಗಳ ದಿನ ತಿಳಿದು ಬರಲಿ; ಚಾಪೆಯ ಮೇಲೆ ಕುಳಿತುಕೊಳ್ಳಲಿ; ಕೈಲಾದ ಕಾಣಿಕೆಯನ್ನು ಎಲ್ಲರಂತೆ ಕೂಗಿಸಲಿ; ಮಕ್ಕಳು ನಿದ್ದೆಹೋದರೆ ಮಡಿಲಲ್ಲಿ ಮಲಗಿಸಿಕೊಂಡು ನೋಡಲಿ. ಸಂಜೆಗೇ ಗಾಡಿ ಹತ್ತುವ ಅತಿಥಿಯನ್ನು ಕಂಡು ಊರ ಹಿರಿಯನೊಬ್ಬ, “ಯಾಕ್ರಿ ಸಾಹೇಬ್ರ, ಇಷ್ಟ ಲಗೂನ ಹೊಂಟ್ರಿ? ಕಲ್ಲ ನೋಡಿದ್ರಿ, ಮಂದೀನ ಯಾವಾಗ ನೋಡಾವ್ರು?” ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಹಾಗೆ ಒಂದಿರುಳು ನಿಂತವರಿಗೆ ಇನ್ನೊಂದು ಸಂಗತಿಯೂ ಹೊಳೆಯಬಹುದು. ಹಬ್ಬಕ್ಕೆಂದು ರಜೆ ಹಾಕಿ ಊರಿಗೆ ಮರಳಿದ ಹೆಜ್ಜೆಮೇಳದ ಹುಡುಗನನ್ನು, ಅಟ್ಟದ ಮೇಲಿನ ದೊರೆಯನ್ನು, ಬೆಂಗಳೂರಿನ ಸಂಸಾರ ಹಿಂದೆಯೇ ಕಂಡಿರುವುದು ಅಸಂಭವವಲ್ಲ. ಪಕ್ಕದ ನಿವೇಶನದಲ್ಲಿ ಮಹಡಿ ಏಳುತ್ತಿದ್ದಾಗ ತಲೆಯ ಮೇಲೆ ಜಲ್ಲಿಯ ಪುಟ್ಟಿ ಹೊತ್ತು ಏಣಿ ಹತ್ತಿದವನು ಅವನೇ ಇದ್ದಾನು. ಅಂದು ಅವನ ಹೆಸರನ್ನು ಯಾರೂ ಕೇಳಲಿಲ್ಲ. ಇಲ್ಲಿ ಸಾರಥಿ ಊರೆಲ್ಲ ಕೇಳುವಂತೆ ಕೇಳುತ್ತಾನೆ, ಅವನು ಎದೆಯುಬ್ಬಿಸಿ ಹೇಳುತ್ತಾನೆ. ಆ ಉತ್ತರವನ್ನು ಕೇಳುವುದಕ್ಕಾದರೂ ಬೆಳಗಿನವರೆಗೆ ಎಚ್ಚರವಾಗಿರಬೇಕು.